ಎದೆಯುರಿಯಲ್ಲಿ ಬರುವ ರುಚಿ

ಎಲ್ಲರಿಗೂ ಆಗುವಂತೆ, ಹುಳಿತೇಗು ಬಂದಾಗ ಗದಗಿನ ದರ್ಜಿ ಚನ್ನವೀರಪ್ಪನ ಬಾಯಿಗೂ ಎಂದೋ ಉಂಡ ಊಟದ ರುಚಿ ಬರುತ್ತಿತ್ತು. ಕೆಲವರಿಗೆ ಶಾಲೆಯ ಉಪ್ಪಿಟ್ಟು, ಕೆಲವರಿಗೆ ಅಜ್ಜಿಯ ಹೋಳಿಗೆ. ಅವನಿಗೆ ಬರುತ್ತಿದ್ದದ್ದು ಆರು ವರ್ಷದ ಹಿಂದೆ ತೀರಿಕೊಂಡ ಹೆಂಡತಿ ಗುರುಬಸವ್ವನ ಎಣ್ಣೆಗಾಯಿ. ಮಧ್ಯಾಹ್ನ ಉಂಡು ಅಂಗಡಿಯಲ್ಲೇ ಅಡ್ಡಾದರೆ ಎದೆ ಉರಿಯುತ್ತಿತ್ತು, ಹಿಂದೆಯೇ ಗುರೆಳ್ಳಿನ ಘಮ. ಅವನು ಕಣ್ಣು ಮುಚ್ಚಿ ಉರಿಯನ್ನು ಸಹಿಸುತ್ತಿದ್ದ.

ಕಡೆಗೆ ಅನ್ನ ನುಂಗುವುದೇ ಕಷ್ಟವಾದಾಗ ಮಗಳು ಶೈಲಾ ದವಾಖಾನೆಗೆ ಕರೆದೊಯ್ದಳು. ಕೊಳವೆ ಇಳಿಸಿ ನೋಡಿದ ಡಾಕ್ಟರ್ ತಬಸ್ಸುಮ್, "ಅನ್ನನಾಳ ಹುಣ್ಣಾಗೇತ್ರಿ. ಮುಂಜಾನೆ ಖಾಲಿ ಹೊಟ್ಟಿಲೆ ಈ ಗುಳಿಗಿ ತಗೋರಿ, ಅರ್ಧ ತಾಸು ಬಿಟ್ಟು ನಾಷ್ಟಾ ಮಾಡ್ರಿ. ಎಂಟು ವಾರ ತಪ್ಪಿಸಬ್ಯಾಡ್ರಿ," ಎಂದರು.

"ಗುಳಿಗಿ ತಗೊಂಡ್ರ ಆ ರುಚಿ?"

"ಉರಿ ನಿಂತ್ರ ಅದೂ ನಿಲ್ತೈತ್ರಿ."

ಶೈಲಾ ಅಪ್ಪನ ಕೈ ಹಿಡಿದಳು. "ಅವ್ವ ಹೋದ್ಲು. ನೀನೂ ಹೋಗಬ್ಯಾಡಪ್ಪಾ."

ಅವನು ಒಂದು ದಿನವೂ ತಪ್ಪಿಸದೆ ನುಂಗಿದ. ಮೂರನೆಯ ವಾರಕ್ಕೆ ಉರಿ ಹೋಯಿತು. ಮಧ್ಯಾಹ್ನ ಅಡ್ಡಾಗಿ ಎಷ್ಟು ಕಾದರೂ ಬಾಯಲ್ಲಿ ಏನೂ ಬರಲಿಲ್ಲ. ಶೈಲಾ ಗುರೆಳ್ಳು ಹಾಕಿ ಎಣ್ಣೆಗಾಯಿ ಮಾಡಿಕೊಟ್ಟಳು. ರುಚಿಯಾಗಿತ್ತು, ಆದರೆ ಅದು ಶೈಲಾಳ ಕೈರುಚಿ.

ಎಂಟು ವಾರ ಮುಗಿದ ಮೇಲೆ ಡಾಕ್ಟರ್ ಮತ್ತೆ ನೋಡಿ ನಕ್ಕರು. "ಹುಣ್ಣು ಮಾಯ್ದೈತ್ರಿ, ಗುಳಿಗಿ ನಿಲ್ಲಸ್ರಿ. ಕೆಲವರಿಗೆ ಉರಿ ಮತ್ತ ಬರ್ತೈತಿ. ಬಂದ್ರ ಲಗೂನ ನನ್ನ ಕಡೆ ಬರ್ರಿ."

ಚನ್ನವೀರಪ್ಪ ಮಗಳ ಕಡೆ ನೋಡಲಿಲ್ಲ.

"ಉರಿ ಬಂದ ಮ್ಯಾಲ ಒಂದೆರಡು ದಿನ ಬಿಟ್ಟು ಬಂದ್ರ ನಡೀತೈತೇನ್ರೀ, ಡಾಕ್ಟರ್ ಬಾಯಾರ?"