ನೆಲಕ್ಕೆ ಬಡಿದ ಎಸೆತ

ಚೆಂಡು ಮತ್ತೆ ನೆಲಕ್ಕೇ ಬಡಿಯಿತು. ಮೊದಲ ಬೇಸಿನ ಮುಂದೆ ಧೂಳೆಬ್ಬಿಸಿ, ರೂಡಿಯ ಗ್ಲೌಸಿನಂಚಿಗೆ ತಾಗಿ ಬೇಲಿಯ ಕಡೆ ಓಡಿತು. ಎದುರಾಳಿ ಓಟಗಾರ ನಗುತ್ತಲೇ ಬೇಸ್ ತುಳಿದ.

"ನೆಟ್ಟಗೆ ಎಸೆಯೋಕೆ ಬರಲ್ವೇನೋ ಟಿಬ್ಸ್? ಬೇಸ್‌ಬಾಲ್ ಕಣೋ ಇದು, ಆಲೂಗಡ್ಡೆ ಬಿತ್ತನೆ ಅಲ್ಲ," ಎಂದು ಆಂಟನ್ ವಾಲೆಕ್ ಕೂಗಿದ. ಹಲಗೆಗಳ ಮೇಲೆ ಕೂತಿದ್ದ ಊರೆಲ್ಲ ನಕ್ಕಿತು. ಆಂಟನ್ ಮಾತ್ರ ನಗಲಿಲ್ಲ.

ನಗುವ ಹೊತ್ತೂ ಆಗಿರಲಿಲ್ಲ. ಮೊದಲ ಬೇಸಿನಲ್ಲಿ ನಿಂತ ರೂಡಿ ಅವನ ಮಗ. ಮುಂದಿನ ಸಾಲಿನಲ್ಲಿ ಹುಲ್ಲುಟೋಪಿ ಹಾಕಿಕೊಂಡು ಕೂತವನು ದೊಡ್ಡ ಲೀಗಿನ ಆಯ್ಕೆದಾರ. ಅವನು ಮೆಚ್ಚಿದರೆ ರೂಡಿ ಓಹಾಯೋದ ಈ ಉಕ್ಕಿನ ಊರಿನಿಂದ ಪಾರಾಗುತ್ತಾನೆ. ಇಲ್ಲದಿದ್ದರೆ ಅಪ್ಪನನ್ನು ಬೇಯಿಸಿದ ಅದೇ ಕುಲುಮೆ. ಅದಕ್ಕೇ ಆಂಟನ್ ಬೆಳಿಗ್ಗೆ ಚರ್ಚಿನಲ್ಲಿ ಮೊಣಕಾಲೂರಿ ಒಂದನ್ನೇ ಬೇಡಿದ್ದ: ಆ ಟಿಬ್ಸ್‌ನನ್ನು ಮೈದಾನದಿಂದ ಆಚೆ ಕಳಿಸು, ದೇವರೇ.

ಎಲ್ಮರ್ ಟಿಬ್ಸ್ ಶಾರ್ಟ್‌ಸ್ಟಾಪ್. ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಂತು, ಬಂದ ಚೆಂಡನ್ನು ಹಿಡಿದು, ಓಟಗಾರ ಬೇಸ್ ತುಳಿಯುವ ಮುನ್ನ ಔಟಾಗುವಂತೆ ಮೊದಲ ಬೇಸಿಗೆ ಎಸೆಯುವುದು ಅವನ ಕೆಲಸ. ಸಾಲದ್ದಕ್ಕೆ ಚೆಂಡಿನ ಹೊಟ್ಟೆಬಾಕ ಬೇರೆ. ಮೂರನೇ ಬೇಸಿನವನ ಪಾಲಿನ ಚೆಂಡಿಗೂ ಅಡ್ಡ ಹಾರುತ್ತಿದ್ದ. ಎಸೆಯುವ ಮುನ್ನ "ರೂಡೀ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ಆಮೇಲೆ ಚೆಂಡು ಮಣ್ಣಿಗೆ. ರೂಡಿ ಬಾಗಿ, ತಲೆ ವಾಲಿಸಿ, ಬಹುಪಾಲನ್ನು ಧೂಳಿನಿಂದಲೇ ಬಾಚಿಕೊಳ್ಳುತ್ತಿದ್ದ. ಚಪ್ಪಾಳೆ ಅವನಿಗೆ. ಬಾಚಲಾಗದೆ ತಪ್ಪಿದ್ದಕ್ಕೆ ಬೈಗುಳ ಟಿಬ್ಸ್‌ಗೆ. ಆಟದ ಕಾನೂನೇ ಹಾಗೆ: ನೆಲಕ್ಕೆ ಬಡಿದು ಬಂದ ಎಸೆತ ಕೈತಪ್ಪಿದರೆ ದೋಷ ಎಸೆದವನದು, ಹಿಡಿಯಬೇಕಾದವನದಲ್ಲ.

"ಎರಡನೇ ಬೇಸಿಗೆ ಎಸೆದ್ರೆ ದಾರ ಹಿಡಿದ ಹಾಗೆ ಹೋಗುತ್ತಲ್ಲ," ಎಂದಳು ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ನೆರೆಮನೆಯ ಡೋರಾ. "ನಿಮ್ಮ ರೂಡಿಗೆ ಮಾತ್ರ ಯಾಕೆ ಹೀಗೆ?"

"ಹೊಟ್ಟೆಕಿಚ್ಚು. ನನ್ ಮಗ ಮೇಲೆ ಹೋಗ್ತಾನಲ್ಲ, ಅದಕ್ಕೆ."

"ದಿನಾ ಕಾರಲ್ಲಿ ಕರ್ಕೊಂಡು ಬರೋನೂ ಅವನೇ ಅಲ್ವಾ?"

"ಹಾಳು ಮಾಡೋನೇ ಸಾರಥಿ. ಕರ್ಮ ನೋಡು."

ಈ ವಸಂತದಲ್ಲಿ ರೂಡಿ ಕಾರು ಓಡಿಸುವುದನ್ನು ಬಿಟ್ಟಿದ್ದ. ಟಿಬ್ಸ್ ಮನೆಬಾಗಿಲಿಗೇ ಬಂದು, ಭುಜಕ್ಕೆ ಕೈಹಾಕಿ, ಏನೋ ಹೇಳಿ ನಗಿಸುತ್ತ ಕರೆದೊಯ್ಯುತ್ತಿದ್ದ. ರೂಡಿಯ ಬ್ಯಾಟಿಂಗೂ ಕೆಟ್ಟಿತ್ತು. ನಿನ್ನೆ ಊಟದಲ್ಲಿ ಸೂಪಿನ ಬಟ್ಟಲನ್ನೇ ಉರುಳಿಸಿದ. "ಆ ಜರಡಿ ಟಿಬ್ಸ್ ಜೊತೆ ಆಡಿದ್ರೆ ಯಾರ ಕೈ ತಾನೇ ನಡುಗಲ್ಲ?" ಎಂದು ಆಂಟನ್ ರೇಗಿದಾಗ, ಮಗ ಉರುಳಿದ ಬಟ್ಟಲಿಗಾಗಿ ಮೇಜಿನ ಮೇಲೆ ಕೈಯಾಡಿಸುತ್ತಿದ್ದ.

"ಅವನನ್ನ ಬಯ್ಯಬೇಡಪ್ಪ," ಎಂದ ಕೊನೆಗೆ. ಅಷ್ಟೇ.

ಮೈದಾನದಲ್ಲಿ ಇನ್ನೊಂದು ಚೆಂಡು ಮಣ್ಣು ಕಂಡಿತು. ಇನ್ನೊಬ್ಬ ಓಟಗಾರ ಬೇಸ್ ಮುಟ್ಟಿದ. ಹುಲ್ಲುಟೋಪಿಯವನು ಕೈಗಡಿಯಾರ ನೋಡಿಕೊಂಡ.

ಆಂಟನ್ ಎದ್ದು ನಿಂತ. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಬೀಸತೊಡಗಿದ. ಬೇಡವಾದ ಆಟಗಾರನನ್ನು ಬೀಳ್ಕೊಡಲು ಈ ಊರು ಅನುಸರಿಸುವ ವಾಡಿಕೆ ಅದು. ಒಂದು ಬಿಳಿ ಹತ್ತಾಯಿತು. ಗಳಿಗೆಯಲ್ಲಿ ಹಲಗೆಗಳ ತುಂಬ ಕೊಕ್ಕರೆಗಳು ಎದ್ದಂತಾಯಿತು. ಡೋರಾ ಒಬ್ಬಳೇ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು.

ತಂಡದ ಮ್ಯಾನೇಜರ್ ಎಷ್ಟು ಹೊತ್ತು ತಡೆದಾನು? ಮೈದಾನಕ್ಕೆ ಬಂದು ಟಿಬ್ಸ್‌ಗೆ ಕೈಸನ್ನೆ ಮಾಡಿದ. ಟಿಬ್ಸ್ ಕದಲಲಿಲ್ಲ. ಮ್ಯಾನೇಜರನ ತೋಳು ಹಿಡಿದು ಏನೋ ಬೇಡಿಕೊಂಡ. ಆಮೇಲೆ ಜನರ ಕಡೆ ತಿರುಗಿ, ಆಂಟನ್‌ನನ್ನೇ ಹುಡುಕಿ, ಬೇಡ ಎಂಬಂತೆ ತಲೆಯಾಡಿಸಿದ.

"ಅಳ್ತಾನೆ ನೋಡಿ ಯಜಮಾನ್ರೇ," ಎಂದ ಹಿಂದಿನ ಸಾಲಿನವನೊಬ್ಬ.

"ಅಳಲಿ ಬಿಡು. ಅವನಿಂದ ನನ್ ಮಗ ಅಳೋದಕ್ಕಿಂತ ವಾಸಿ."

ಬೆಂಚಿನಿಂದ ಹೊಸಬ ಓಡಿಬಂದ. ಊರು ಕೇಕೆ ಹಾಕಿತು, ಕಾಲಿನಿಂದ ಹಲಗೆ ಗುದ್ದಿತು. ಆ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಆಂಟನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಇಷ್ಟು ಬೇಗ ಅವನ ಮೊರೆ ಎಂದೂ ಮುಟ್ಟಿರಲಿಲ್ಲ.

ಮರುಗಳಿಗೆಯೇ ಚೆಂಡು ಹೊಸಬನ ಬಳಿ ಬಂತು. ಅವನು ಬಾಗಿದ, ಹಿಡಿದ, ಎಸೆದ. ನೇರ, ಚುರುಕು, ಎದೆಯೆತ್ತರ.

"ನೋಡು ಡೋರಾ, ಎಸೆತ ಅಂದ್ರೆ ಇದು," ಎಂದ ಆಂಟನ್.

ಬೆಂಚಿನಿಂದ ಟಿಬ್ಸ್ ಎದ್ದು ಬಾಯಿ ತೆರೆದದ್ದು ಕಂಡಿತು. ಕೂಗು ಮಾತ್ರ ಕೇಳಲಿಲ್ಲ.

ಮೊದಲ ಬೇಸಿನಲ್ಲಿ ರೂಡಿ ಗ್ಲೌಸನ್ನು ಮಣ್ಣಿಗೆ ತಾಗಿಸಿ ಬಾಗಿ ನಿಂತಿದ್ದ. ಚೆಂಡು ಮುಖಕ್ಕೆ ಬಡಿಯುವವರೆಗೂ ಅವನ ತೆರೆದ ಕಣ್ಣುಗಳು ಮಿಟುಕಲಿಲ್ಲ, ಅದು ನೆಲಕ್ಕೆ ಬೀಳುವ ಸದ್ದಿಗಾಗಿ ತಲೆ ವಾಲಿಸಿ ಅವನು ಕಿವಿಗೊಟ್ಟೇ ಇದ್ದ.