ನೀಲಿ ಬಟ್ಟೆಯ ಚೂರು

ದೋಣಿಯ ಹಳೇ ಎಂಜಿನ್ನಿನ ನೀರಿನ ಕೊಳವೆಯಿಂದ ಮೆಕ್ಯಾನಿಕ್ ತಮ್ಮ ಹೊರಗೆಳೆದದ್ದು ನೀಲಿ ಬಟ್ಟೆಯ ಚೂರು. ಅವನದೇ ಹಳೇ ಅಂಗಿಯದು. ಹಿಂದಿನ ಸಲ ರಿಪೇರಿ ಮಾಡುವಾಗ ದೂಳು ಹೋಗದಿರಲೆಂದು ಅವನೇ ತುರುಕಿದ್ದ, ತೆಗೆಯಲು ಮರೆತಿದ್ದ. ತಣಿಸುವ ನೀರು ಸಾಲದೆ ಎಂಜಿನ್ ನಡುಹೊಳೆಯಲ್ಲೇ ಕಾದು ನಿಲ್ಲುತ್ತಿತ್ತು.

“ಅಪ್ಪನ ಎಂಜಿನ್ ಕೆಡಿಸಿಬಿಟ್ಟೆ. ನೀನು ಹುಟ್ಟು ಹಾಕೋಕೇ ಲಾಯಕ್ಕು!” ಎಂದು ದೋಣಿ ನಡೆಸುವ ಅಣ್ಣನನ್ನು ದಡದಲ್ಲಿ ಎಲ್ಲರೆದುರು ತಮ್ಮ ಬೈದಿದ್ದ. ಅಂದಿನಿಂದ ಅಣ್ಣ ತಿಂಗಳಿಡೀ ಹುಟ್ಟು ಹಾಕಿಯೇ ಜನರನ್ನು ದಾಟಿಸಿದ್ದ.

“ಏನು ಸಿಕ್ತೋ? ನಾನೇನು ಕೆಡಿಸಿದ್ದೆ?” ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ ಅಣ್ಣ ಮೆಲ್ಲಗೆ ಕೇಳಿದ.

ತಮ್ಮ ಚೂರನ್ನು ಮುಷ್ಟಿಯೊಳಗೆ ಬಿಗಿಹಿಡಿದ. “ಏನಿಲ್ಲ, ಕಸ.”

“ಕೊಡು, ನಾನು ಎಸೀತೀನಿ” ಎಂದು ಅಣ್ಣ ಬೊಬ್ಬೆ ಒಡೆದ ಅಂಗೈಯನ್ನು ಅವನ ಮುಂದೆ ಚಾಚಿದ.