ತೂಗಿ ನೋಡಿದ್ದು

"ಏ ಬ್ಯಾಡ, ಇಳಿ ಬೇ!" ಎಂದು ಶಿವಪ್ರಕಾಶ ಹೇಳುವಷ್ಟರಲ್ಲಿ ತಂಗಿ ಸಪ್ನಾ ದೋಣಿಯೊಳಗೆ ಕಾಲುಚಾಚಿ ಮಲಗಿಯೇಬಿಟ್ಟಿದ್ದಳು. ಪಡಸಾಲೆಯ ತೊಲೆಗೆ ಮೊಳದೆತ್ತರಕ್ಕೆ ತೂಗುಹಾಕಿದ್ದ ಆ ಗಾಳಿ ತುಂಬಿದ ರಬ್ಬರ್ ದೋಣಿ ಒಮ್ಮೆ ಜಗ್ಗಿ ನಿಂತಿತು.

"ನಾಳೆ ಸೇತುವಿ ಮ್ಯಾಲಿಂದ ಭೀಮಾ ಹೊಳಿಗೆ ಇಳಿಸೋದು ನನ್ನ ಅಲ್ಲೇನಣ್ಣಾ? ಜ್ವಾಳದ ಚೀಲ ಇಟ್ಟು ನೋಡಿದ್ರ ಏನ್ ತಿಳೀತದ?" ಹೊಳೆಯ ನೀರನ್ನು ಪರೀಕ್ಷೆಗೆ ತರುವುದು ಅವಳ ಕೆಲಸ. ದಂಡೆಯ ರಾಡಿಯಲ್ಲಿ ಕಾಲಿಡಲಾಗದ್ದರಿಂದ, ಸೇತುವೆಯಿಂದಲೇ ಎತ್ತಿ ಇಳಿಸಲು ದೋಣಿಗೆ ನಾಲ್ಕು ಕಡೆ ಹಗ್ಗ ಪೋಣಿಸುವ ಬಳೆ ಕೂಡಿಸಿಕೊಡೆಂದು ಅಫಜಲಪುರದ ಅಣ್ಣನ ಪಂಕ್ಚರ್ ಅಂಗಡಿಗೇ ತಂದಿದ್ದಳು. ಬಳೆ ಹಿಡಿದಿಡಲು ಅವನು ಸೊಲ್ಯೂಷನ್ ಹಚ್ಚಿ ಅಂಟಿಸಿದ್ದ ರಬ್ಬರ್ ಪಟ್ಟಿಗಳಲ್ಲಿ ಒಂದೂ ಕಿತ್ತೇಳಲಿಲ್ಲ. ಆದರೂ ಅವನ ಎರಡೂ ಅಂಗೈ ದೋಣಿಯ ತಳ ಬಿಟ್ಟು ಬರಲಿಲ್ಲ.

ಆಗ ತೊಲೆಯ ಹಳೇ ಕೊಂಡಿಗಳು ಕಿರ್ರ್, ಕಿರ್ರ್ ಎಂದವು. ಸಪ್ನಾಳ ತೊಟ್ಟಿಲು ಬಿಚ್ಚಿಟ್ಟ ಮೇಲೆ ಈ ಮನೆಯಲ್ಲಿ ಯಾರೂ ಕೇಳಿರದ ಸಪ್ಪಳ. ಅಡುಗೆಮನೆಯಿಂದ ತಾಯಿ ಶಾರದಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನು ಮಾಡಾಕತ್ತೀಯೋ?"

"ತೂಗಿ ನೋಡಾಕತ್ತೇನಿ ಅವ್ವಾ, ಭಾರ ತಡೀತದೋ ಇಲ್ಲೋ ಅಂತ."

ಭಾರದ ಮಾತು ಅವಳ ಕಿವಿಗೆ ಬೀಳಲೇ ಇಲ್ಲ. ದೋಣಿಯ ಮೂತಿಯಿಂದ ಜೋತುಬಿದ್ದಿದ್ದ ಹಗ್ಗವನ್ನು ಎತ್ತಿ, ನಲವತ್ತು ದಾಟಿದ ಮಗನ ಕೈಗಿಟ್ಟು, ಅವನ ಬೆರಳುಗಳನ್ನು ತಾನೇ ಮಡಚಿ ಹಿಡಿಸಿದಳು.

"ಸಾವಕಾಶ ತೂಗು," ಎಂದಳು. "ಆಕಿ ಮಲಗೂತನಕ ಬಿಡಬ್ಯಾಡ. ಮತ್ತ ಗೋಲಿ ಆಡಾಕ ಓಡಿದಿ ಅಂದ್ರ ನೋಡು!"